ಮುಂಗೈ ಮೂಳೆ ಮುರಿದಾಗ: ಕೇಸ್ ಶೀಟ್ ಬರೆಯುವ ಮತ್ತು ಕೋಡ್ ಹಾಕುವ ಬಗೆ

ಮಳೆ ಹಿಡಿಯಿತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಂಗಳ, ಮೆಟ್ಟಿಲು, ಬಾವಿಕಟ್ಟೆಗಳೆಲ್ಲ ಪಾಚಿ ಕಟ್ಟುತ್ತವೆ. ಜಾರಿದವರು ಕೈಯೂರಿ ಬೀಳುತ್ತಾರೆ, ಪೆಟ್ಟು ಮಣಿಕಟ್ಟಿಗೆ ಆಗುತ್ತದೆ. ಕೊಳೆರೋಗಕ್ಕೆ ಔಷಧಿ ಹೊಡೆಯಲು ಮಳೆಯ ನಡುವೆಯೇ ಅಡಿಕೆ ಮರ ಹತ್ತುವವರಿದ್ದಾರೆ, ಮಳೆ ಬಿಟ್ಟ ಮೇಲೆ ಕೊನೆ (ಅಡಿಕೆ ಗೊನೆ) ತೆಗೆಯುವವರಿದ್ದಾರೆ. ಅಲ್ಲಿಂದ ಬಿದ್ದರೆ ಮುಂಗೈಯ ಎರಡೂ ಮೂಳೆ ಹೋಗುವುದು ಅಪರೂಪವಲ್ಲ. ಘಟ್ಟದ ರಸ್ತೆಯಲ್ಲಿ ಬೈಕ್ ಜಾರಿದವರದ್ದು ಮತ್ತೊಂದು ಲೆಕ್ಕ. ಇಷ್ಟು ಬಗೆಯ ಮುರಿತಗಳು ಬರುತ್ತಿದ್ದರೂ ಕೇಸ್ ಶೀಟಿನಲ್ಲಿ ನಾವು ಮತ್ತೆ ಮತ್ತೆ ಓದುವುದು ಒಂದೇ ಸಾಲನ್ನು: ‘ಬಿದ್ದು ಪೆಟ್ಟು, ಡಿಇಆರ್ ಮುರಿತ, ಸ್ಲ್ಯಾಬ್ ಹಾಕಿದೆ.’ (ಡಿಇಆರ್ ಅಂದರೆ ರೇಡಿಯಸ್ ಮೂಳೆಯ ಕೆಳತುದಿ, ಸ್ಲ್ಯಾಬ್ ಅಂದರೆ ಪ್ಲಾಸ್ಟರಿನ ಅರೆಪಟ್ಟಿ.)

ಯಾವ ಕೈ? ಎಲ್ಲಿ ಬಿದ್ದದ್ದು? ಚರ್ಮ ಹರಿದಿತ್ತೇ? ಬೆರಳುಗಳು ಆಡುತ್ತಿದ್ದವೇ? ಈ ಸಾಲಿನಲ್ಲಿ ಯಾವುದೂ ಇಲ್ಲ. ರೋಗಿ ಮನೆಗೆ ಹೋದ ಮೇಲೆ ಮೆಡಿಕಲ್ ರೆಕಾರ್ಡ್ಸ್ ವಿಭಾಗದಲ್ಲಿ ಕುಳಿತವರು ಎಷ್ಟೇ ಜಾಣರಾದರೂ ಇದರಿಂದ ಸರಿಯಾದ ಕೋಡ್ ತೆಗೆಯಲಾರರು. ಕೋಡ್ ಎಂದರೆ ಐಸಿಡಿ ಎಂಬ ಅಂತರರಾಷ್ಟ್ರೀಯ ರೋಗಪಟ್ಟಿಯಲ್ಲಿ ಪ್ರತಿ ರೋಗಕ್ಕೆ, ಗಾಯಕ್ಕೆ, ಅದರ ಕಾರಣಕ್ಕೆ ಕೊಟ್ಟಿರುವ ಅಕ್ಷರ ಮತ್ತು ಅಂಕಿಗಳ ಗುರುತು. ಮೊದಲ ಮೇಜಿನಲ್ಲಿ ರೋಗಿಯನ್ನು ಕೇಳಿ ಬರೆದುಕೊಂಡದ್ದಷ್ಟೇ ಮುಂದೆ ಕೋಡ್ ಆಗುತ್ತದೆ, ವಿಮೆಯ ದಾಖಲೆಯಾಗುತ್ತದೆ, ಬೇಕಾದರೆ ನ್ಯಾಯಾಲಯದ ಸಾಕ್ಷ್ಯವೂ ಆಗುತ್ತದೆ. ಹೌಸ್ ಸರ್ಜನ್‌ಗಳು, ನರ್ಸ್‌ಗಳು, ರೆಕಾರ್ಡ್ಸ್ ಸಿಬ್ಬಂದಿ, ಕ್ಲೇಮ್ ವಿಭಾಗದವರು ಮತ್ತು ಕೋಡಿಂಗ್ ಕಲಿಯುತ್ತಿರುವ ನಮ್ಮ ಊರಿನ ಹುಡುಗ ಹುಡುಗಿಯರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇನೆ.

ಮೊದಲು ಮೂಳೆ ಮತ್ತು ಭಾಗ

ಮುಂಗೈಯಲ್ಲಿ ಎರಡು ಮೂಳೆಗಳಿವೆ. ಹೆಬ್ಬೆರಳಿನ ಬದಿಯದು ರೇಡಿಯಸ್, ಕಿರುಬೆರಳಿನ ಬದಿಯದು ಅಲ್ನಾ. ಪ್ರತಿಯೊಂದಕ್ಕೂ ಮೊಣಕೈ ಬಳಿಯ ಮೇಲ್ತುದಿ, ನಡುವಿನ ಕಾಂಡ, ಮಣಿಕಟ್ಟಿನ ಬಳಿಯ ಕೆಳತುದಿ ಎಂದು ಮೂರು ಭಾಗ. ಮುಂಗೈ ಮುರಿತದ ಕೋಡ್‌ಗಳೆಲ್ಲ ಈ ವಿಂಗಡಣೆಯ ಮೇಲೆಯೇ ನಿಂತಿವೆ. ಹಾಗಾಗಿ ‘ಕೈ ಮುರಿತ’ ಎಂದು ಬರೆದರೆ ಏನೂ ಬರೆದಂತಾಗಲಿಲ್ಲ. ‘ಮಣಿಕಟ್ಟು ಮುರಿತ’ ಎಂಬುದು ಇನ್ನೂ ತೊಂದರೆಯದು. ರೇಡಿಯಸ್‌ನ ಕೆಳತುದಿ ಮುರಿದರೆ ಅದು ಎಸ್ 52ರ ಗುಂಪಿಗೆ ಸೇರುತ್ತದೆ, ಮಣಿಕಟ್ಟಿನೊಳಗಿನ ಸಣ್ಣ ಮೂಳೆ ಮುರಿದರೆ ಎಸ್ 62ಕ್ಕೆ ಹೋಗುತ್ತದೆ.

ವೈದ್ಯರ ಹೆಸರು ಹೊತ್ತ ಮುರಿತಗಳನ್ನು ತಿಳಿದಿರಬೇಕು. ಕೈಯೂರಿ ಬಿದ್ದು ರೇಡಿಯಸ್‌ನ ಕೆಳತುದಿ ಮುರಿದು ತುಂಡು ಹಿಂಬದಿಗೆ ಸರಿದರೆ ಅದು ಕೋಲಿಸ್ ಮುರಿತ, ಅಂಗೈ ಬದಿಗೆ ಸರಿದರೆ ಸ್ಮಿತ್ ಮುರಿತ. ಅಲ್ನಾ ಮುರಿದು ಮೊಣಕೈಯಲ್ಲಿ ರೇಡಿಯಸ್‌ನ ತಲೆ ಕೀಲು ತಪ್ಪಿದರೆ ಮಾಂಟೆಜಿಯಾ. ರೇಡಿಯಸ್‌ನ ಕಾಂಡ ಮುರಿದು ಮಣಿಕಟ್ಟಿನ ಬಳಿ ಅಲ್ನಾದ ಕೀಲು ತಪ್ಪಿದರೆ ಗೆಲಿಯಾಝಿ. ಕೋಲಿಸ್ ಮತ್ತು ಮಾಂಟೆಜಿಯಾ ಇಬ್ಬರೂ 1814ರಲ್ಲಿಯೇ, ಎಕ್ಸ್‌ರೇ ಹುಟ್ಟುವುದಕ್ಕೆ ಎಂಟು ದಶಕ ಮೊದಲು, ಬರಿಗಣ್ಣು ಬರಿಗೈಗಳಿಂದ ಪರೀಕ್ಷಿಸಿ ಇವನ್ನು ವಿವರಿಸಿದವರು. ಆ ಶ್ರದ್ಧೆಯನ್ನು ನೆನೆದಾಗಲೆಲ್ಲ ನನಗೆ ಗೌರವ ಉಕ್ಕುತ್ತದೆ.

ಮಾಂಟೆಜಿಯಾ ಮತ್ತು ಗೆಲಿಯಾಝಿ ಮುರಿತಗಳಲ್ಲಿ ಒಂದು ಎಚ್ಚರ ಬೇಕು. ಎಕ್ಸ್‌ರೇಯಲ್ಲಿ ಮೊಣಕೈ ಮತ್ತು ಮಣಿಕಟ್ಟು ಎರಡೂ ಕಾಣದಿದ್ದರೆ ಕೀಲು ತಪ್ಪಿದ್ದು ಗೊತ್ತೇ ಆಗುವುದಿಲ್ಲ. ನೇರ ಮತ್ತು ಪಕ್ಕದ ಎರಡು ನೋಟಗಳಲ್ಲಿ ಎರಡೂ ಕೀಲುಗಳು ಸೇರಿವೆ ಎಂಬುದನ್ನು ಕೇಸ್ ಶೀಟಿನಲ್ಲಿ ಬರೆಯಿರಿ, ಎಕ್ಸ್‌ರೇ ತೆಗೆದ ದಿನಾಂಕವನ್ನೂ ನಮೂದಿಸಿ.

ರೋಗನಿರ್ಣಯದ ಸಾಲು

ರೋಗನಿರ್ಣಯ ಎಂಬ ತಲೆಬರಹದ ಮುಂದೆ ಬರೆಯುವ ಸಾಲು ಒಂದೇ ಉಸಿರಿನಲ್ಲಿ ಓದುವಷ್ಟಿದ್ದರೆ ಸಾಕು. ಆದರೆ ಅದರಲ್ಲಿ ಯಾವ ಕೈ, ಯಾವ ಮೂಳೆ, ಯಾವ ಭಾಗ, ತೆರೆದದ್ದೋ ಮುಚ್ಚಿದ್ದೋ, ತುಂಡು ಸರಿದಿದೆಯೋ ಇಲ್ಲವೋ, ಸರಿದಿದ್ದರೆ ಯಾವ ಕಡೆಗೆ, ಕೀಲಿನ ಒಳಗೆ ಹೋಗಿದೆಯೋ ಎಂಬುದಿರಬೇಕು. ಉದಾಹರಣೆಗೆ: ‘ಬಲಗೈ ರೇಡಿಯಸ್ ಕೆಳತುದಿಯ ಮುಚ್ಚಿದ ಮುರಿತ, ತುಂಡು ಹಿಂಬದಿಗೆ ಸರಿದಿದೆ, ಕೀಲಿನೊಳಗೆ ಹೋಗಿಲ್ಲ (ಕೋಲಿಸ್).’ ಮಕ್ಕಳಾದರೆ ಹಸಿಕಡ್ಡಿಯಂತೆ ಬಾಗಿ ಒಂದು ಬದಿ ಮಾತ್ರ ಸೀಳಿದೆಯೇ, ಉಬ್ಬು ಮಾತ್ರ ಬಂದಿದೆಯೇ, ಬೆಳವಣಿಗೆಯ ಫಲಕಕ್ಕೆ (ಮೂಳೆ ಉದ್ದಕ್ಕೆ ಬೆಳೆಯುವ ಜಾಗಕ್ಕೆ) ಪೆಟ್ಟಾಗಿದೆಯೇ ಎಂಬುದನ್ನೂ ಸೇರಿಸಿ.

‘ಡಿಇಆರ್’, ‘ಬಿಬಿಎಫ್ಎ’ (ಮುಂಗೈಯ ಎರಡೂ ಮೂಳೆ) ಎಂಬ ಮೊಟಕು ರೂಪಗಳು ವಾರ್ಡಿನಲ್ಲಿ ಎಲ್ಲರಿಗೂ ಅರ್ಥವಾಗುತ್ತವೆ, ವಿಮಾ ಕಂಪನಿಯ ಮೇಜಿನಲ್ಲಿ ಆಗಲಿಕ್ಕಿಲ್ಲ. ಡಿಸ್ಚಾರ್ಜ್ ಸಮ್ಮರಿಯಲ್ಲಾದರೂ ಪೂರ್ತಿ ಬಿಡಿಸಿ ಬರೆಯಿರಿ.

ಯಾವ ಕೈ ಎಂಬುದರ ಬಗ್ಗೆ ನಾನು ಹಟ ಹಿಡಿಯುತ್ತೇನೆ. ನಮ್ಮಲ್ಲಿ ಬಳಸುವ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ 10ರ ಕೋಡ್‌ನಲ್ಲಿ ಎಡ ಬಲ ಎಂಬುದೇ ಇಲ್ಲ. ಕೋಡ್ ಅದನ್ನು ಹೇಳುವುದಿಲ್ಲವಾದ್ದರಿಂದ ಬರಹವೇ ಹೇಳಬೇಕು. ಓಪಿಡಿ ಚೀಟಿ, ಎಕ್ಸ್‌ರೇ ವರದಿ, ಒಪ್ಪಿಗೆ ಪತ್ರ, ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಡಿಸ್ಚಾರ್ಜ್ ಸಮ್ಮರಿ, ಈ ಐದರಲ್ಲೂ ಒಂದೇ ಕೈ ಇದೆಯೇ ಎಂದು ಫೈಲ್ ಮುಚ್ಚುವ ಮೊದಲು ಬೆರಳಿಟ್ಟು ನೋಡಿ. ರೋಗಿ ಬಲಗೈಯವರೋ ಎಡಗೈಯವರೋ ಎಂಬುದನ್ನೂ ಬರೆಯಿರಿ. ಕತ್ತಿ ಹಿಡಿಯುವ ಕೈ ಮುರಿದ ಕೂಲಿಯಾಳಿನ ನಷ್ಟ ಬೇರೆಯೇ.

ಗಾಯ ಇದ್ದರೆ ಅಳೆಯಿರಿ

ಮುರಿದ ಜಾಗಕ್ಕೆ ಚರ್ಮದ ಮೂಲಕ ದಾರಿಯಾಗಿದ್ದರೆ ಅದು ತೆರೆದ ಮುರಿತ. ಮೂಳೆ ಹೊರಗೆ ಕಾಣಲೇಬೇಕೆಂದಿಲ್ಲ. ಒಳಗಿನಿಂದ ಚುಚ್ಚಿ ಮತ್ತೆ ಹಿಂದೆ ಸರಿದ ಮೂಳೆ ಸಾಸಿವೆ ಕಾಳಿನಷ್ಟು ತೂತನ್ನು ಮಾತ್ರ ಬಿಟ್ಟಿರಬಹುದು. ಐಸಿಡಿಯ ನಿಯಮದ ಪ್ರಕಾರ ತೆರೆದದ್ದೋ ಮುಚ್ಚಿದ್ದೋ ಎಂದು ಬರೆಯದಿದ್ದರೆ ಅದನ್ನು ಮುಚ್ಚಿದ್ದೆಂದೇ ಎಣಿಸಬೇಕು. ಅಂದರೆ ವೈದ್ಯರು ಬರೆಯಲು ಮರೆತ ಆ ಸಣ್ಣ ತೂತು ದಾಖಲೆಯಿಂದಲೇ ಅಳಿಸಿಹೋಗುತ್ತದೆ. ಆಪರೇಷನ್ ಥಿಯೇಟರಿನಲ್ಲಿ ಗಾಯ ತೊಳೆದದ್ದು, ಆ್ಯಂಟಿಬಯಾಟಿಕ್ ಕೊಟ್ಟದ್ದು, ಹೆಚ್ಚು ದಿನ ಇರಿಸಿಕೊಂಡದ್ದು ಇವೆಲ್ಲ ಆಮೇಲೆ ಕಾರಣವಿಲ್ಲದ ಖರ್ಚಿನಂತೆ ಕಾಣುತ್ತವೆ.

ಗುಸ್ಟಿಲೊ ಮತ್ತು ಆ್ಯಂಡರ್ಸನ್ 1976ರಲ್ಲಿ ಕೊಟ್ಟ ವರ್ಗೀಕರಣವನ್ನು ಮೂಳೆ ವೈದ್ಯರೆಲ್ಲ ಬಲ್ಲರು. ಗಾಯ ಒಂದು ಸೆಂಟಿಮೀಟರ್‌ಗಿಂತ ಚಿಕ್ಕದಿದ್ದು ಸ್ವಚ್ಛವಾಗಿದ್ದರೆ ಒಂದನೇ ಬಗೆ. ಅದಕ್ಕಿಂತ ದೊಡ್ಡದಾದರೂ ಮಾಂಸಖಂಡಕ್ಕೆ ಭಾರೀ ಹಾನಿಯಿಲ್ಲದಿದ್ದರೆ ಎರಡನೇ ಬಗೆ. ಭಾರೀ ಹಾನಿಯಿದ್ದರೆ ಮೂರನೇ ಬಗೆ, ಅದನ್ನು ಆಮೇಲೆ ಎ, ಬಿ, ಸಿ ಎಂದು ಮತ್ತೆ ವಿಂಗಡಿಸಲಾಯಿತು. ರಕ್ತನಾಳವೇ ಕಡಿದು ಅದನ್ನು ಜೋಡಿಸಬೇಕಾದರೆ ಮೂರನೇ ಸಿ. ಗಾಯದ ಉದ್ದವನ್ನು ಸೆಂಟಿಮೀಟರ್‌ನಲ್ಲಿ ಬರೆಯಿರಿ. ‘ಸಣ್ಣ ಗಾಯ’ ಎಂದರೆ ಒಬ್ಬೊಬ್ಬರ ಕಣ್ಣಿಗೆ ಒಂದೊಂದು ಅಳತೆ. ತೋಟದ ಮಣ್ಣು, ಸಗಣಿ ತಾಗಿತ್ತೇ ಎಂಬುದನ್ನೂ ಬರೆಯಿರಿ.

ಇದರ ಜೊತೆಗೆ ಕೈಯ ನಾಡಿ, ಬೆರಳ ತುದಿಯ ಬಣ್ಣ, ಸ್ಪರ್ಶ, ಬೆರಳುಗಳ ಚಲನೆಯನ್ನು ಎರಡು ಸಲ ಬರೆಯಬೇಕು: ಮೂಳೆ ಕೂರಿಸುವ ಮೊದಲು ಒಮ್ಮೆ, ಸ್ಲ್ಯಾಬ್ ಹಾಕಿದ ಮೇಲೆ ಒಮ್ಮೆ, ಎರಡಕ್ಕೂ ಗಂಟೆ ಸಮೇತ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್ ದಾರಿ. ತೀರ್ಥಹಳ್ಳಿಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕಳುಹಿಸಿದ ರೋಗಿಯ ಬೆರಳು ಹೊರಟಾಗಲೇ ಮರಗಟ್ಟಿತ್ತೋ, ದಾರಿಯಲ್ಲಿ ಊತ ಹೆಚ್ಚಿ ಹಾಗಾಯಿತೋ ಎಂಬುದನ್ನು ಈ ಎರಡು ಸಾಲುಗಳಲ್ಲದೆ ಬೇರೇನೂ ಹೇಳಲಾರದು. ನರಕ್ಕೆ ಪೆಟ್ಟಾಗಿದ್ದರೆ ಎಸ್ 54, ರಕ್ತನಾಳಕ್ಕಾಗಿದ್ದರೆ ಎಸ್ 55 ಗುಂಪಿನ ಕೋಡ್ ಮುರಿತದ ಕೋಡ್ ಜೊತೆ ಸೇರುತ್ತದೆ.

ಹೇಗೆ ಬಿದ್ದರು, ಎಲ್ಲಿ ಬಿದ್ದರು

ಈ ಭಾಗವನ್ನು ನಮ್ಮವರು ತೀರಾ ಕಡೆಗಣಿಸುತ್ತಾರೆ. ಬಿದ್ದರು ಎಂದರೆ ಮುಗಿಯಿತು ಎಂಬ ಭಾವನೆ. ಇನ್ನೊಂದು ಪ್ರಶ್ನೆ ಕೇಳಿದರೆ ಎಷ್ಟು ಸಿಗುತ್ತದೆ ನೋಡಿ.

‘ಹೇಗೆ ಬಿದ್ದಿರಿ ಅಜ್ಜಿ?’

‘ಜಾರಿ ಬಿದ್ದೆನಪ್ಪಾ.’

‘ಎಲ್ಲಿ? ಮನೆಯೊಳಗೋ, ಹೊರಗೋ?’

‘ಕೊಟ್ಟಿಗೆಗೆ ಹುಲ್ಲು ಹಾಕಿ ಬರುತ್ತಿದ್ದೆ. ಅಂಗಳದಲ್ಲಿ ಪಾಚಿ. ಕಾಲು ಜಾರಿತು, ಕೈ ಊರಿದೆ.’

ಈಗ ಕೋಡ್ ತಾನಾಗಿ ಬರುತ್ತದೆ. ಸಮನೆಲದಲ್ಲಿ ಜಾರಿ, ಎಡವಿ ಬಿದ್ದದ್ದಕ್ಕೆ ಡಬ್ಲ್ಯೂ 01. ಸ್ಥಳವನ್ನು ಹೇಳುವ ನಾಲ್ಕನೇ ಅಂಕಿ ಮನೆ ಮತ್ತು ಮನೆಯ ಅಂಗಳಕ್ಕೆ 0. ಹಾಗಾಗಿ ಡಬ್ಲ್ಯೂ 01.0. ಅಜ್ಜಿ ಕೊಟ್ಟಿಗೆಯೊಳಗೇ ಜಾರಿದ್ದರೆ ಅಂಕಿ 7 ಆಗುತ್ತಿತ್ತು. ಏಕೆಂದರೆ ಐಸಿಡಿ ಕೃಷಿಕರ ವಾಸದ ಮನೆಯನ್ನು 0ಗೆ ಸೇರಿಸುತ್ತದೆ, ಕೃಷಿ ಕಟ್ಟಡ ಮತ್ತು ಸಾಗುವಳಿ ಭೂಮಿಯನ್ನು 7ಕ್ಕೆ ಸೇರಿಸುತ್ತದೆ. ಮನೆ, ಅಂಗಳ, ಕೊಟ್ಟಿಗೆ, ತೋಟ ಒಂದಕ್ಕೊಂದು ಅಂಟಿಕೊಂಡಿರುವ ನಮ್ಮ ಕಡೆ ಈ ಗೆರೆಯನ್ನು ಕೇಳಿಯೇ ಎಳೆಯಬೇಕು. ಶಾಲೆ 2, ರಸ್ತೆ 4, ಅಂಗಡಿ ಹೋಟೆಲುಗಳು 5, ಕಾರ್ಖಾನೆ ಮತ್ತು ಕಟ್ಟಡ ಕಾಮಗಾರಿಯ ಜಾಗ 6.

ಮಲೆನಾಡಿನಲ್ಲಿ ಹೆಚ್ಚು ಬೇಕಾಗುವ ಕಾರಣಗಳು ಇವು. ಮರದಿಂದ ಬಿದ್ದರೆ ಡಬ್ಲ್ಯೂ 14, ಅಡಿಕೆ ತೋಟದಲ್ಲಾದರೆ ಡಬ್ಲ್ಯೂ 14.7. ಏಣಿಯಿಂದ ಬಿದ್ದರೆ ಡಬ್ಲ್ಯೂ 11. ಮಳೆಗಾಲಕ್ಕೆ ಮುನ್ನ ಹೆಂಚು ಸರಿಪಡಿಸಲು ಮಾಡಿಗೆ ಹತ್ತಿ ಬಿದ್ದರೆ ಡಬ್ಲ್ಯೂ 13. ದನ ಹಾಯ್ದು ಬೀಳಿಸಿದ್ದರೆ ಡಬ್ಲ್ಯೂ 55. ಬೈಕ್ ಸವಾರರಿಗೆ ಸ್ಥಳದ ಅಂಕಿ ಇಲ್ಲ, ಬದಲಿಗೆ ಓಡಿಸುತ್ತಿದ್ದವರೋ ಹಿಂದೆ ಕುಳಿತವರೋ ಎಂಬುದು ಬೇಕು. ಯಾವುದಕ್ಕೂ ಡಿಕ್ಕಿಯಾಗದೆ ರಸ್ತೆಯಲ್ಲಿ ತಾನಾಗಿ ಜಾರಿದ ಬೈಕಿನ ಸವಾರನಿಗೆ ವಿ 28.4, ಹಿಂದೆ ಕುಳಿತವರಿಗೆ ವಿ 28.5. ರಾತ್ರಿ ಅಡ್ಡ ಬಂದ ದನಕ್ಕೋ ಹಂದಿಗೋ ಡಿಕ್ಕಿಯಾಗಿದ್ದರೆ ವಿ 20.4, ವಿ 20.5.

ಈ ವಿವರಗಳು ಯಾರಿಗೆ ಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಒಂದು ತಾಲ್ಲೂಕಿನಲ್ಲಿ ಎಷ್ಟು ಜನ ಅಡಿಕೆ ಮರದಿಂದ ಬಿದ್ದು ಕೈ ಮುರಿದುಕೊಂಡರು ಎಂಬುದನ್ನು ಆಸ್ಪತ್ರೆಯ ದಾಖಲೆಯಿಂದ ತಿಳಿಯಬೇಕಾದರೆ ಡಬ್ಲ್ಯೂ 14 ಬೇಕು. ಎಲ್ಲರನ್ನೂ ‘ಬಿದ್ದು ಪೆಟ್ಟು’ ಎಂಬ ಒಂದೇ ಬುಟ್ಟಿಗೆ ಹಾಕಿದರೆ ಕೊನೆಗಾರರ ಸಂಕಟ ಯಾವ ಲೆಕ್ಕಕ್ಕೂ ಸಿಗದೆ ಹೋಗುತ್ತದೆ.

ಎರಡು ಪುಸ್ತಕ, ಎರಡು ಲೆಕ್ಕ

ಶಿವಮೊಗ್ಗ, ಭದ್ರಾವತಿಯ ಎಷ್ಟೋ ಮಕ್ಕಳು ಬೆಂಗಳೂರಿನ ಕಂಪನಿಗಳಲ್ಲಿ ಮೆಡಿಕಲ್ ಕೋಡಿಂಗ್ ಕಲಿತು ಕೆಲಸ ಮಾಡುತ್ತಿದ್ದಾರೆ. ಅವರು ಕಲಿಯುವುದು ಅಮೆರಿಕದ ಆಸ್ಪತ್ರೆಗಳಿಗಾಗಿ ಮಾಡಿದ ಐಸಿಡಿ 10 ಸಿಎಂ, 2015ರ ಅಕ್ಟೋಬರ್ 1ರಿಂದ ಅಲ್ಲಿ ಕಡ್ಡಾಯವಾಗಿರುವುದು. ನಮ್ಮ ಆಸ್ಪತ್ರೆಗಳಲ್ಲಿ ಬಳಸುವುದು ವಿಶ್ವ ಆರೋಗ್ಯ ಸಂಸ್ಥೆಯ ಮೂಲ ಐಸಿಡಿ 10. ಎರಡರಲ್ಲೂ ಮುಂಗೈ ಮುರಿತ ಎಸ್ 52 ಎಂದೇ ಶುರುವಾಗುವುದರಿಂದ ಊರಿಗೆ ಮರಳಿ ಇಲ್ಲಿಯ ಆಸ್ಪತ್ರೆ ಸೇರಿದವರು ಒಂದರ ಅಂಕಿಯನ್ನು ಇನ್ನೊಂದಕ್ಕೆ ಹಾಕಿಬಿಡುತ್ತಾರೆ. ಇದನ್ನು ನಿಧಾನವಾಗಿ ಓದಿ.

ನಮ್ಮ ಪುಸ್ತಕದಲ್ಲಿ: ಅಲ್ನಾ ಮೇಲ್ತುದಿ 52.0, ಮಾಂಟೆಜಿಯಾ ಕೂಡ ಇಲ್ಲಿಯೇ. ರೇಡಿಯಸ್ ಮೇಲ್ತುದಿ 52.1. ಅಲ್ನಾ ಕಾಂಡ 52.2. ರೇಡಿಯಸ್ ಕಾಂಡ 52.3. ಎರಡೂ ಮೂಳೆಗಳ ಕಾಂಡ 52.4. ರೇಡಿಯಸ್ ಕೆಳತುದಿ 52.5, ಕೋಲಿಸ್ ಮತ್ತು ಸ್ಮಿತ್ ಎರಡೂ ಇಲ್ಲಿಗೇ. ಎರಡೂ ಮೂಳೆಗಳ ಕೆಳತುದಿ 52.6. ಹಲವು ಕಡೆ ಮುರಿದಿದ್ದರೆ 52.7. ಅಲ್ನಾದ ಕೆಳತುದಿ ಮಾತ್ರವಾದರೆ 52.8. ಯಾವ ಭಾಗವೆಂದು ಬರೆದಿಲ್ಲದಿದ್ದರೆ 52.9. ಇದರ ಮುಂದೆ ಐದನೇ ಅಂಕಿಯಾಗಿ ಮುಚ್ಚಿದ್ದಕ್ಕೆ 0, ತೆರೆದದ್ದಕ್ಕೆ 1.

ಅಮೆರಿಕದ ಪುಸ್ತಕದಲ್ಲಿ 52.4 ಇಲ್ಲವೇ ಇಲ್ಲ. ಎರಡೂ ಕಾಂಡ ಮುರಿದರೆ ಎರಡು ಬೇರೆ ಬೇರೆ ಕೋಡ್ ಹಾಕಬೇಕು. ಅಲ್ಲಿ 52.6 ಎಂದರೆ ಅಲ್ನಾದ ಕೆಳತುದಿ ಮಾತ್ರ. ಎಲ್ಲಕ್ಕಿಂತ ಅಪಾಯದ್ದು 52.51. ನಮ್ಮ ಪುಸ್ತಕದಲ್ಲಿ ಅದು ರೇಡಿಯಸ್ ಕೆಳತುದಿಯ ತೆರೆದ ಮುರಿತ. ಅಲ್ಲಿ ಅದೇ ಅಂಕಿಗಳಿಂದ ಶುರುವಾಗುವುದು ರೇಡಿಯಲ್ ಸ್ಟೈಲಾಯ್ಡ್ ಎಂಬ ತುದಿಚಾಚಿನ ಮುರಿತ. ಕೋಡ್ ತಪ್ಪಾಗಿದೆ ಎಂದು ಕಂಪ್ಯೂಟರ್ ಹೇಳುವುದಿಲ್ಲ, ಏಕೆಂದರೆ ಅಂಕಿ ಸರಿಯಾಗಿಯೇ ಇದೆ. ಹಾಗಾಗಿ ಸಾಫ್ಟ್‌ವೇರ್‌ನಲ್ಲಿರುವುದು ಯಾವ ಆವೃತ್ತಿ ಎಂದು ಕೆಲಸಕ್ಕೆ ಸೇರಿದ ಮೊದಲ ದಿನವೇ ಕೇಳಿ ತಿಳಿದುಕೊಳ್ಳಿ.

ಅಮೆರಿಕದ ಕೋಡ್ ಏಳು ಅಕ್ಷರಗಳದ್ದು. ಎಡ ಬಲ, ಸರಿದಿದೆಯೋ ಇಲ್ಲವೋ ಎಲ್ಲವೂ ಅದರೊಳಗೇ ಇರುತ್ತದೆ. ಬಲಗೈಯ ಮುಚ್ಚಿದ ಕೋಲಿಸ್ ಮುರಿತಕ್ಕೆ ಚಿಕಿತ್ಸೆ ನಡೆಯುತ್ತಿದ್ದರೆ ಎಸ್ 52.531ಎ, ಎಡಗೈಗೆ ಎಸ್ 52.532ಎ. ಸರಿದಿದೆಯೋ ಇಲ್ಲವೋ ಬರೆದಿಲ್ಲದಿದ್ದರೆ ಸರಿದಿದೆ ಎಂದೇ ತೆಗೆದುಕೊಳ್ಳಬೇಕು. ಕೊನೆಯ ಅಕ್ಷರದ ವಿಷಯದಲ್ಲಿ ಕಲಿಯುವವರು ಎಡವುವುದು ಹೆಚ್ಚು. ‘ಎ’ ಎಂದರೆ ಮೊದಲ ಭೇಟಿಯೆಂದಲ್ಲ, ಸಕ್ರಿಯ ಚಿಕಿತ್ಸೆ ನಡೆಯುತ್ತಿದೆ ಎಂದು. ಹತ್ತು ದಿನದ ನಂತರ ಇನ್ನೊಬ್ಬ ವೈದ್ಯರು ಪ್ಲೇಟ್ ಹಾಕಿದರೂ ‘ಎ’ಯೇ. ತೆರೆದ ಮುರಿತದ ಒಂದನೇ, ಎರಡನೇ ಬಗೆಗೆ ‘ಬಿ’, ಮೂರನೇ ಬಗೆಗೆ ‘ಸಿ’. ಚಿಕಿತ್ಸೆ ಮುಗಿದು ಮೂಳೆ ಕೂಡುತ್ತಿರುವಾಗ ನೋಡಲು ಬಂದರೆ, ಮುಚ್ಚಿದ ಮುರಿತಕ್ಕೆ ‘ಡಿ’. ಮೂಳೆ ಕೂಡುವುದು ತಡವಾದರೆ ‘ಜಿ’, ಕೂಡದೇ ಹೋದರೆ ‘ಕೆ’, ವಕ್ರವಾಗಿ ಕೂಡಿದರೆ ‘ಪಿ’. ಮಕ್ಕಳ ಬೆಳವಣಿಗೆ ಫಲಕದ ಮುರಿತ ಅಲ್ಲಿ ಎಸ್ 52 ಬಿಟ್ಟು ಎಸ್ 59ಕ್ಕೆ ಹೋಗುತ್ತದೆ.

ಒಂದು ಪ್ರಕರಣವನ್ನು ಎರಡರಲ್ಲೂ ಹಾಕಿ ನೋಡೋಣ. ಕೊನೆ ತೆಗೆಯುವಾಗ ಮರದಿಂದ ಬಿದ್ದವರ ಎಡ ಮುಂಗೈಯ ಎರಡೂ ಮೂಳೆಗಳ ಕಾಂಡ ಮುರಿದಿದೆ, 2 ಸೆಂಟಿಮೀಟರ್ ಗಾಯ, ಎರಡನೇ ಬಗೆ. ನಮ್ಮಲ್ಲಿ ಎಸ್ 52.41 ಮತ್ತು ಡಬ್ಲ್ಯೂ 14.7, ಅಷ್ಟೇ. ಅಮೆರಿಕದ ಲೆಕ್ಕದಲ್ಲಿ ರೇಡಿಯಸ್ ಕಾಂಡಕ್ಕೊಂದು ಎಸ್ 52.3, ಅಲ್ನಾ ಕಾಂಡಕ್ಕೊಂದು ಎಸ್ 52.2, ಮುರಿತ ಅಡ್ಡವೋ ಓರೆಯೋ ಪುಡಿಯಾದದ್ದೋ ಎಂದು ಮುಂದಿನ ಅಂಕಿಗಳಲ್ಲಿ, ಕೊನೆಯಲ್ಲಿ ಎರಡಕ್ಕೂ ‘ಬಿ’.

ನಾಟಿ ಕಟ್ಟು ಕಟ್ಟಿಸಿಕೊಂಡು ಬಂದವರು

ಮಲೆನಾಡಿನಲ್ಲಿ ಮೂಳೆ ಮುರಿದರೆ ಮೊದಲು ನಾಟಿ ಕಟ್ಟು ಕಟ್ಟುವವರ ಮನೆಗೆ ಹೋಗುವ ರೂಢಿ ಇನ್ನೂ ಇದೆ. ಬಿದಿರಿನ ದಬ್ಬೆ ಇಟ್ಟು, ಎಣ್ಣೆ ಹಚ್ಚಿ, ಬಿಗಿದು ಕಟ್ಟಿರುತ್ತಾರೆ. ನೋವು ತಡೆಯದಾದಾಗಲೋ ಕೈ ಸೊಟ್ಟಗಾದಾಗಲೋ ಆಸ್ಪತ್ರೆಗೆ ಬರುತ್ತಾರೆ. ಅವರನ್ನು ಬೈದರೆ ಮುಂದಿನ ಸಲ ನಿಜ ಹೇಳುವುದಿಲ್ಲ. ಸಮಾಧಾನದಿಂದ ಕೇಳಿ: ಬಿದ್ದ ದಿನ ಯಾವುದು, ಕಟ್ಟು ಕಟ್ಟಿಸಿದ್ದು ಯಾವಾಗ, ಎಷ್ಟು ದಿನ ಇತ್ತು, ತಿಕ್ಕಿದ್ದರೇ, ಬೆರಳು ಮರಗಟ್ಟಿದ್ದು ಕಟ್ಟಿದ ಮೇಲೆಯೋ ಮೊದಲೋ. ಆಸ್ಪತ್ರೆಗೆ ಬಂದ ದಿನಾಂಕವನ್ನೇ ಬಿದ್ದ ದಿನಾಂಕವೆಂದು ಎಂದಿಗೂ ಬರೆಯಬೇಡಿ.

ಕೋಡ್ ಇಲ್ಲಿ ಬೇರೆ ದಾರಿ ಹಿಡಿಯುತ್ತದೆ. ಬಿಗಿ ಕಟ್ಟಿನಿಂದ ರಕ್ತ ಸಂಚಾರ ನಿಂತು ಸ್ನಾಯು ಸತ್ತಿದ್ದರೆ ಟಿ 79.6. ವೋಲ್ಕ್‌ಮನ್ ಸಂಕೋಚ (ಸತ್ತ ಸ್ನಾಯು ಮುದುಡಿ ಬೆರಳು ಮಡಚಿಕೊಳ್ಳುವುದು) ಎಂದು ವೈದ್ಯರು ಬರೆಯುವುದು ಇದರಲ್ಲಿಯೇ ಸೇರುತ್ತದೆ. ಮೂಳೆ ವಕ್ರವಾಗಿ ಕೂಡಿದ್ದರೆ ನಮ್ಮ ಪುಸ್ತಕದಲ್ಲಿ ಎಂ 84.0, ಕೂಡದೇ ಇದ್ದರೆ ಎಂ 84.1, ಕೂಡುವುದು ತಡವಾದರೆ ಎಂ 84.2. ಅದು ಹಳೆಯ ಮುರಿತದ ಪರಿಣಾಮ ಎಂದು ತೋರಿಸಲು ಟಿ 92.1 ಜೊತೆಗಿಡಬಹುದು. ಹಳೆಯ ಮುರಿತಕ್ಕೆ ಹೊಸ ಎಸ್ 52 ಹಾಕಿದರೆ ಅದೇ ಕೈ ಎರಡು ಸಲ ಮುರಿದಂತೆ ದಾಖಲಾಗುತ್ತದೆ.

ವಯಸ್ಸಾದ ಹೆಂಗಸರಲ್ಲಿ ಇನ್ನೊಂದು ಪ್ರಶ್ನೆ

ಮೇಲೆ ಹೇಳಿದ ಅಜ್ಜಿಗೆ ಆಸ್ಟಿಯೋಪೊರೋಸಿಸ್ (ಮೂಳೆ ಟೊಳ್ಳಾಗುವ ಕಾಯಿಲೆ) ಇದೆಯೆಂದು ಮೊದಲೇ ಗೊತ್ತಿದ್ದು, ಗಟ್ಟಿ ಮೂಳೆ ಮುರಿಯದಂಥ ಸಣ್ಣ ಬೀಳಿಗೇ ಕೈ ಮುರಿದಿದ್ದರೆ, ಅಮೆರಿಕದ ನಿಯಮ ಅದನ್ನು ಗಾಯದ ಮುರಿತವೆಂದು ಎಣಿಸುವುದಿಲ್ಲ, ಎಂ 80 ಗುಂಪಿಗೆ ಕಳುಹಿಸುತ್ತದೆ. ನಮ್ಮ ಪುಸ್ತಕದಲ್ಲೂ ಋತುಬಂಧದ ನಂತರದ ಆಸ್ಟಿಯೋಪೊರೋಸಿಸ್‌ನಿಂದ ಆದ ಮುರಿತಕ್ಕೆ ಎಂ 80.0 ಇದೆ. ಇದನ್ನು ತೀರ್ಮಾನಿಸಬೇಕಾದವರು ವೈದ್ಯರು, ಕೋಡ್ ಹಾಕುವವರಲ್ಲ. ರೋಗಿಯ ವಯಸ್ಸು ನೋಡಿ ಊಹಿಸಿ ಎಂ 80 ಹಾಕುವುದು ತಪ್ಪು. ಆದರೆ ವೈದ್ಯರಿಗೆ ನೆನಪಿಸುವುದು ಸರಿ. ಈ ಒಂದು ಸಾಲು ಬರೆದರೆ ಅಜ್ಜಿಗೆ ಕೈಯ ಜೊತೆಗೆ ಮೂಳೆಯ ಚಿಕಿತ್ಸೆಯೂ ಶುರುವಾಗಬಹುದು, ನಾಳೆ ಸೊಂಟ ಮುರಿಯುವುದು ತಪ್ಪಬಹುದು.

ಕ್ಲೇಮ್, ಪೊಲೀಸ್ ಮತ್ತು ವೈದ್ಯರಿಗೆ ಬರೆಯುವ ಚೀಟಿ

ವಿಮೆಯ ಕ್ಲೇಮ್ ಅರ್ಜಿಯ ‘ಬಿ’ ಭಾಗವನ್ನು ಆಸ್ಪತ್ರೆ ತುಂಬಬೇಕು. ಅದರಲ್ಲಿ ಮುಖ್ಯ ರೋಗನಿರ್ಣಯದ ಐಸಿಡಿ ಕೋಡ್, ಜೊತೆಗಿರುವ ಕಾಯಿಲೆಗಳ ಕೋಡ್, ಗಾಯದ ಕಾರಣ, ರಸ್ತೆ ಅಪಘಾತವೇ, ಪೊಲೀಸರಿಗೆ ತಿಳಿಸಲಾಗಿದೆಯೇ ಎಂಬ ಪ್ರಶ್ನೆಗಳಿವೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದರೆ ಬಿಡಬೇಡಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಪ್ಯಾಕೇಜ್ ಕೋಡ್ ಚಿಕಿತ್ಸೆಯದು, ಐಸಿಡಿ ಕೋಡ್ ರೋಗನಿರ್ಣಯದ್ದು. ಒಂದರ ಜಾಗದಲ್ಲಿ ಇನ್ನೊಂದನ್ನು ಬರೆಯಬಾರದು, ಎರಡೂ ಒಂದಕ್ಕೊಂದು ಒಪ್ಪಬೇಕು.

ರಸ್ತೆ ಅಪಘಾತ, ಹೊಡೆದಾಟದ ಪ್ರಕರಣಗಳನ್ನು ಎಂಎಲ್‌ಸಿ (ಪೊಲೀಸ್, ಕಾನೂನಿಗೆ ಸಂಬಂಧಿಸಿದ ಪ್ರಕರಣಗಳ) ಪುಸ್ತಕದಲ್ಲಿ ದಾಖಲಿಸಿ ಠಾಣೆಗೆ ತಿಳಿಸಿ. ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಂ ಮೂಳೆ ಮುರಿತವನ್ನು ತೀವ್ರ ಗಾಯಗಳ ಪಟ್ಟಿಯಲ್ಲಿ ಇರಿಸಿದೆ. 2024ರ ಜುಲೈ 1ಕ್ಕೆ ಮುನ್ನ ಅದು ಐಪಿಸಿ 320 ಆಗಿತ್ತು. ಗಾಯದ ಪ್ರಮಾಣಪತ್ರದಲ್ಲಿ ‘ಮುರಿತ ಇರಬಹುದು’ ಎಂದು ಬರೆದು ಎಕ್ಸ್‌ರೇ ಸಂಖ್ಯೆ ಹಾಕದೆ ಬಿಟ್ಟರೆ ಪೆಟ್ಟು ತಿಂದವರಿಗೆ ಅನ್ಯಾಯವಾಗುತ್ತದೆ.

ಇಷ್ಟಾದರೂ ಫೈಲ್‌ನಲ್ಲಿ ಏನಾದರೂ ಬಿಟ್ಟುಹೋಗಿರುತ್ತದೆ. ಆಗ ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದು ತಾವೇ ತೀರ್ಮಾನಿಸುವ ಆಸೆ ರೆಕಾರ್ಡ್ಸ್ ಸಿಬ್ಬಂದಿಗೆ ಬರುತ್ತದೆ. ಬೇಡ. ವೈದ್ಯರಿಗೆ ಚೀಟಿ ಬರೆಯಿರಿ. ‘ಡಾಕ್ಟರೇ, ತೆರೆದ ಮುರಿತ ಎಂದು ಸೇರಿಸಿ’ ಎಂದು ಬರೆದರೆ ಉತ್ತರವನ್ನು ನೀವೇ ಹೇಳಿಕೊಟ್ಟಂತೆ. ಹೀಗೆ ಕೇಳಿ: ‘ನರ್ಸ್ ಟಿಪ್ಪಣಿಯಲ್ಲಿ ಎಡ ಮುಂಗೈ ಮೇಲೆ ಗಾಯವಿದೆ ಎಂದಿದೆ. ರೋಗನಿರ್ಣಯದಲ್ಲಿ ಅದರ ಉಲ್ಲೇಖವಿಲ್ಲ. ಮುರಿತ ತೆರೆದದ್ದೇ, ಮುಚ್ಚಿದ್ದೇ? ತೆರೆದದ್ದಾದರೆ ಗಾಯದ ಅಳತೆ ಮತ್ತು ಬಗೆ ದಯವಿಟ್ಟು ತಿಳಿಸಿ.’ ಉತ್ತರವನ್ನು ವೈದ್ಯರೇ ಬರೆದು, ದಿನಾಂಕ ಮತ್ತು ಸಮಯ ಹಾಕಿ ಸಹಿ ಮಾಡಬೇಕು. ಹಳೆಯ ಸಾಲನ್ನು ಅಳಿಸಬಾರದು, ಅದರ ಮೇಲೆ ಬರೆಯಲೂಬಾರದು. ತಿದ್ದುಪಡಿ ಕೆಳಗೆ ಹೊಸ ಸಾಲಾಗಿಯೇ ಬರಲಿ, ಚೀಟಿಯೂ ಕೇಸ್ ಶೀಟಿನ ಜೊತೆಯಲ್ಲೇ ಫೈಲ್ ಸೇರಲಿ.